ವನಿತಾ ಮೇಡಂ ಕಟ್ಟಿಸಿದ ಸೋರುವ ಚಪ್ಪರ

ಈ ಹಟ್ಟಿಯ ಹೆಸರನ್ನು ನಾನು ಬರೆಯುವುದಿಲ್ಲ. ಬರೆದರೆ ಆ ಒಂದು ಹಟ್ಟಿಯನ್ನು ಬೈದು ಮುಗಿಸಿ, ಉಳಿದ ಹಟ್ಟಿಗಳವರು, ಊರುಗಳವರು, ಪೇಟೆಯವರು ಎಲ್ಲ ಹಾಯಾಗಿ ಕಾಫಿ ಕುಡಿಯುತ್ತಾರೆ. ಹಂದನಕೆರೆಗೂ ಹುಳಿಯಾರಿಗೂ ನಡುವೆ ಎಲ್ಲೋ ಒಂದು ಕಡೆ ಎಂದುಕೊಳ್ಳಿ. ಸಾಕು.

ಆ ಹಟ್ಟಿಯಲ್ಲಿ ಹುಟ್ಟಿ ಬೆಳೆದ ವನಿತಾ ಮಕ್ಕಳಿಗಾಗಿ ಚಿತ್ರಪುಸ್ತಕ ಬರೆಯುತ್ತಾರೆ. ಯಾವುದರ ಬಗ್ಗೆ? ಯಹೂದಿಗಳ ಹಬ್ಬಗಳ ಬಗ್ಗೆ. "ಯಾಕೆ?" ಎಂದು ಕೇಳಬೇಕೆನಿಸಿತಲ್ಲ, ಅದನ್ನೇ ಕೇಳಿ ಕೇಳಿ ಜನ ಆಕೆಯ ಪ್ರಾಣ ತಿಂದಿದ್ದಾರೆ. ಆಕೆ ನಲಿ-ಕಲಿ ಮಕ್ಕಳಿಗೆ ಪಾಠ ಹೇಳುವ ಶಾಲೆಯ ಮುಖ್ಯ ಮೇಷ್ಟ್ರು ನಂಜುಂಡಪ್ಪನವರು ಮೊದಲ ಪುಸ್ತಕವನ್ನು ಕೈಗೆ ತೆಗೆದುಕೊಂಡು, ಹಿಂದುಮುಂದು ತಿರುಗಿಸಿ, "ಅಲ್ರೀ ಮೇಡಂ, ನಮ್ ಯುಗಾದಿ, ಗೌರಿ ಹಬ್ಬ ಎಲ್ಲ ಖರ್ಚಾಗೋದ್ವಾ?" ಎಂದಿದ್ದರು. ಟೀವಿಯಲ್ಲಿ ಯುದ್ಧ ನೋಡುವವರ ಕಾಟ ಬೇರೆ. ಬಸ್ಸಿನಲ್ಲಿ ಒಬ್ಬ ಆಕೆಯ ಕೈ ಕುಲುಕಿ ಶಹಬ್ಬಾಸ್ ಎಂದ. ಅದೇ ವಾರ ಇನ್ನೊಬ್ಬ ಮದುವೆ ಮನೆಯಲ್ಲಿ ಎಲ್ಲರೆದುರು "ನಿಮ್ಗೆ ನಾಚ್ಕೆ ಆಗಲ್ವಾ?" ಎಂದ. ಇಬ್ಬರೂ ಪುಸ್ತಕವನ್ನು ತೆರೆದವರಲ್ಲ. ತೆರೆದಿದ್ದರೆ ಅದರಲ್ಲಿ ಒಂದು ಎತ್ತು, ಒಂದು ಗಾಣ ಮತ್ತು ರಜೆಯ ಒಂದು ದಿನ ಬಿಟ್ಟು ಇನ್ನೇನೂ ಸಿಗುತ್ತಿರಲಿಲ್ಲ.

ಆ ಎತ್ತು ಸಿಕ್ಕಿದ್ದು ತುಮಕೂರಿನ ಒಂದು ತರಬೇತಿಯಲ್ಲಿ. ಮಕ್ಕಳಿಗೆ ಕತೆ ಹೇಳುವುದು ಹೇಗೆಂದು ಕಲಿಸಲು ಸಿಪೋರಾಬಾಯಿ ಎಂಬ ನಿವೃತ್ತ ಟೀಚರ್ ಬಂದಿದ್ದರು. ತಂದೆ ರೈಲ್ವೆಯಲ್ಲಿದ್ದುದರಿಂದ ಹುಬ್ಬಳ್ಳಿಯಲ್ಲಿ ಬೆಳೆದವರು, ಹುಬ್ಬಳ್ಳಿಯ ಕನ್ನಡವನ್ನೇ ಆಡುವವರು. ಅವರ ಹಿರಿಯರು ಕೊಂಕಣ ತೀರದ ಯಹೂದಿಗಳು. ಗಾಣ ಆಡಿಸಿ ಎಣ್ಣೆ ತೆಗೆಯುವುದು ಕಸುಬು. ಶನಿವಾರ ಬಂತೆಂದರೆ ಎತ್ತನ್ನು ಗಾಣಕ್ಕೆ ಹೂಡುತ್ತಿರಲಿಲ್ಲ. ಹಾಗಾಗಿ ನೆರೆಹೊರೆಯವರು ಅವರನ್ನು ಶನಿವಾರದ ಎಣ್ಣೆಯವರು ಎಂದು ಕರೆಯುತ್ತಿದ್ದರಂತೆ. ಕೊಬ್ಬರಿ ಎಣ್ಣೆಯ ವಾಸನೆಯಲ್ಲೇ ಉಸಿರಾಡುವ ಸೀಮೆಯ ವನಿತಾಗೆ ಈ ಸಂಗತಿ ಹಿಡಿದುಬಿಟ್ಟಿತು. ವಾರಕ್ಕೊಂದು ದಿನ ಎತ್ತಿಗೂ ರಜೆ! ಅದನ್ನೇ ಎತ್ತಿನ ಬಾಯಲ್ಲಿ ಹೇಳಿಸಿ ಪುಸ್ತಕ ಮಾಡಿದರು. ಬೆಂಗಳೂರಿನ ಪ್ರಕಾಶಕರೊಬ್ಬರು ಅಚ್ಚು ಹಾಕಿದರು. ತರಗತಿಯಲ್ಲಿ ಓದಿ ತೋರಿಸಿದಾಗ ಒಂದು ಹುಡುಗಿ, "ಮಿಸ್, ನಮ್ಮವ್ವುಂಗೆ ಯಾವತ್ತು ರಜ?" ಎಂದು ಕೇಳಿತು. ವನಿತಾಗೆ ಅಷ್ಟೇ ಸಾಕಾಗಿತ್ತು, ಎರಡನೆಯ ಪುಸ್ತಕಕ್ಕೆ ಕೂತರು.

ಎರಡನೆಯದು ಅವರ ಹೊಸ ವರ್ಷದ ಹಬ್ಬದ್ದು. ಕಾಯಿಹಾಲು ಹಿಂಡಿ, ಕುದಿಸಿ, ತಟ್ಟೆಗೆ ಸುರಿದು ಹಲ್ವಾ ಮಾಡುವ ಕತೆ. ಅದಕ್ಕೂ ತಕರಾರು. ಕಾಯನ್ನು ಅಟ್ಟಕ್ಕೆ ಹಾಕಿ, ಒಳಗೆ ನೀರು ಬತ್ತಿ ಕೊಬ್ಬರಿಯಾಗಲೆಂದು ತಿಂಗಳುಗಟ್ಟಲೆ ಕಾಯುವ ಸೀಮೆ ಇದು. ಇಷ್ಟೊಂದು ಕಾಯನ್ನು ಹಸಿಯಾಗಿಯೇ ಹಿಂಡಿ ಬಿಸಾಕುತ್ತಾರೆಂದು ಓದಿ ಮಕ್ಕಳ ಅಪ್ಪಂದಿರಿಗೇ ಹೊಟ್ಟೆ ಉರಿದಿತ್ತು.

ಇಷ್ಟೆಲ್ಲ ಯಾಕೆ ಹೇಳಿದೆನೆಂದರೆ, ಮೂರನೆಯ ಪುಸ್ತಕದ ಹೊತ್ತಿಗೆ ಜನರ ಮಾತಿಗೆಲ್ಲ ತಾನು ಗಟ್ಟಿಯಾಗಿದ್ದೇನೆ ಎಂದುಕೊಂಡಿದ್ದರು ವನಿತಾ. ಆದರೆ ಮೂರನೆಯದು ಗುಡಿಸಿಲಿನ ಹಬ್ಬವಾಗಿತ್ತು.

"ನಿಮ್ಮ ಸೀಗಿ ಹುಣ್ಣಿವಿ ಬರ್ತದಲ್ಲ ತಂಗಿ, ಹೆಚ್ಚುಕಮ್ಮಿ ಆವಾಗ ನಮ್ಮದು ಹಂದರದ ಹಬ್ಬ," ಎಂದು ಸಿಪೋರಾಬಾಯಿ ಫೋನಿನಲ್ಲಿ ವಿವರಿಸಿದ್ದರು. "ಹಿಂದಕ ನಮ್ಮ ಮಂದಿ ಮನೀ-ಮಠ ಇಲ್ದ ಅಡವ್ಯಾಗ ಅಡ್ಡಾಡಿದ್ದರಲ್ಲ, ಅದರ ನೆಪ್ಪಿಗೆ. ಏಳು ದಿನ ಮನಿಮಂದಿ ಎಲ್ಲಾರೂ ಹಂದರದಾಗ ಕೂತು ಉಣ್ಣೋದು. ಬಂಧುಬಳಗ ಕರಿಯೋದು. ಕಡದ ಗರಿ ಹೊಚ್ಚಬೇಕು. ನೆಳ್ಳು ಬೀಳಬೇಕು ಖರೇ, ಆದ್ರ ರಾತ್ರಿ ಸಂದ್ಯಾಗ ಚುಕ್ಕಿ ಕಾಣಬೇಕು."

ಚಿತ್ರ ಬರೆಯುವವರು ತುರುವೇಕೆರೆಯ ಡ್ರಾಯಿಂಗ್ ಮೇಷ್ಟ್ರು ಈರೇಶ್. ಹಿಂದಿನ ಎರಡು ಪುಸ್ತಕಕ್ಕೂ ಅವರೇ ಬರೆದದ್ದು. ಎರಡು ತೆಂಗಿನ ಮರ, ನಡುವೆ ಗರಿಯ ಚಪ್ಪರ, ಒಳಗೆ ಅಜ್ಜ, ಅಜ್ಜಿ, ಅಪ್ಪ, ಮಕ್ಕಳು, ಎಳೆಗೂಸನ್ನು ತೊಡೆಯ ಮೇಲಿಟ್ಟುಕೊಂಡ ಅಮ್ಮ. ಚಂದದ ಚಿತ್ರ. ಸಿಪೋರಾಬಾಯಿ ನೋಡಿದವರೇ ಬೇಡ ಎಂದರು. ಮರದ ಕೆಳಗೆ ಹಾಕಿದ ಚಪ್ಪರ ಲೆಕ್ಕಕ್ಕಿಲ್ಲವಂತೆ. ಮೇಲೆ ಬರೀ ಆಕಾಶವಿರಬೇಕಂತೆ.

"ಮೇಡಂ," ಎಂದರು ಈರೇಶ್, "ನಮ್ ಸೀಮೇಲಿ ಮರ ಇಲ್ದಿರೋ ಆಕಾಶ ಬೇಕು ಅಂದ್ರೆ ಕೆರೆ ಮಧ್ಯಕ್ಕೆ ಹೋಗಿ ಅಂಗಾತ ಮಲ್ಕೋಬೇಕು. ಬಯಲಲ್ಲಿ ಚಪ್ಪರ ಹಾಕಿದ್ದು ನಾನಂತೂ ಕಂಡಿಲ್ಲ. ಬಿಸ್ಲು ಸಂದಿಯಿಂದ ಹೆಂಗ್ ಬೀಳುತ್ತೆ ಅಂತ ನೋಡ್ದೆ ಬರಿಯೋದು ಹೆಂಗೆ?"

"ಹಂಗಾದ್ರೆ ಒಂದು ಕಟ್ಟಿಸಿ ನೋಡೋಣ," ಎಂದುಬಿಟ್ಟರು ವನಿತಾ. ಹಟ್ಟಿಯಲ್ಲಿರುವ ಅವರ ತಮ್ಮ ನಾಗಭೂಷಣ ಸುತ್ತಮುತ್ತಲ ಊರುಗಳ ಮದುವೆಗಳಿಗೆಲ್ಲ ಚಪ್ಪರ ಕಟ್ಟುವವನು. ಅವನಿಗೆ ಫೋನು ಮಾಡಿದರು. ಈರೇಶ್ ಒಂದು ಶುಕ್ರವಾರ ಹಟ್ಟಿಗೆ ಹೋದರು.

ನಾಗಭೂಷಣನಿಗೆ ಮೊದಲು ಅವಮಾನವಾಯಿತು. "ನಾನ್ ಕಟ್ಟಿದ್ ಚಪ್ಪರದಲ್ಲಿ ಒಂದ್ ಬಿಸ್ಲುಕೋಲು ಇಳ್ದದ್ದ ತೋರಿಸ್ರಿ. ನಕ್ಷತ್ರ ಕಾಣಂಗೆ ಕಟ್ಬೇಕಾ? ಅದೇನ್ ಚಪ್ಪರವಾ ಜರಡಿಯಾ ಸಾ?" ಎಂದ. ಆಮೇಲೆ ಅಕ್ಕನ ಮಾತೆಂದು ಒಪ್ಪಿದ. ಮರವಿಲ್ಲದ ಜಾಗ ತೋರಿಸಪ್ಪಾ ಎಂದರೆ ಅವನು ತೋರಿಸಿದ್ದು ಹಟ್ಟಿಯ ಆಚೆಗಿನ ಬಯಲು. ಕಟ್ಟಿಯೂ ಕಟ್ಟಿದ. ಮೂರು ಕಡೆಗೆ ಹೆಣೆದ ಗರಿಯ ತಟ್ಟಿ, ಮೇಲೆ ವಿರಳವಾಗಿ ಹೊದಿಸಿದ ಹಸಿ ಗರಿ, ನೆಲಕ್ಕೆ ಸಗಣಿಯ ಸಾರಣೆ. ಈರೇಶ್ ಕಳಿಸಿದ ಫೋಟೋವನ್ನು ಹುಳಿಯಾರಿನ ಬಾಡಿಗೆ ಮನೆಯಲ್ಲಿ ಕೂತು ನೋಡುತ್ತಿದ್ದ ವನಿತಾ, ಚಿತ್ರದ ಅಂಚಿನಲ್ಲಿ ನೀಲಿ ಪ್ಲಾಸ್ಟಿಕ್ ಶೀಟಿನ ತುದಿಯೊಂದನ್ನು ಕಂಡು ಎದ್ದು ನಿಂತರು.

ಆ ಶೀಟು ಯಾವುದೆಂದು ಗೊತ್ತಿಲ್ಲದವರಿಗೆ ಹೇಳಬೇಕು. ಆ ಹಟ್ಟಿಯಲ್ಲಿ ಹೆಂಗಸು ಮುಟ್ಟಾದರೆ ಹಟ್ಟಿಯ ಆಚೆ ಇರಬೇಕು. ಹೆತ್ತರೆ ಕೂಸಿನ ಸಮೇತ ಆಚೆ ಇರಬೇಕು, ದೇವರಿಗೆ ಮೈಲಿಗೆಯಾಗಬಾರದೆಂದು. ಸೂತಕ ಕಳೆದು ನೀರು ಹಾಕಿ ಒಳಗೆ ಕರೆಯುವವರೆಗೆ ಶೀಟು ಹೊದಿಸಿದ, ಬಗ್ಗಿ ನುಸುಳಬೇಕಾದ ಒಂದು ಗುಡ್ಲು. ಚಳಿಯಿದ್ದರೆ ಚಳಿಯಲ್ಲಿ, ಮಳೆಯಿದ್ದರೆ ಮಳೆಯಲ್ಲಿ. ಕೈಯಲ್ಲಿ ಸ್ಮಾರ್ಟ್‌ಫೋನು, ಮನೆ ಮುಂದೆ ಬುಲೆಟ್ ಬೈಕು, ಹಟ್ಟಿಯಾಚೆ ಬಾಣಂತಿ. ಇದನ್ನು ಗಂಡಸರು ಸಂಪ್ರದಾಯ ಎನ್ನುತ್ತಾರೆ. ಆ ಗಂಡಸರಲ್ಲಿ ಒಬ್ಬನಾದರೂ ಅದರೊಳಗೆ ಒಂದು ಮಧ್ಯಾಹ್ನ ಕೂತು ಎದ್ದು ಬಂದು ಈ ಮಾತು ಹೇಳಿದ್ದರೆ ನಾನೂ ಕೇಳಿಸಿಕೊಳ್ಳುತ್ತಿದ್ದೆ.

ವನಿತಾ ಹುಡುಗಿಯಾಗಿದ್ದಾಗ ತಿಂಗಳು ತಿಂಗಳೂ ಆ ಜಾಗದಲ್ಲಿ ಕೂತವರು. ಕೆಲಸ ಸಿಕ್ಕ ಕೂಡಲೇ ಹುಳಿಯಾರಿನಲ್ಲಿ ಬಾಡಿಗೆ ಮನೆ ಹಿಡಿದದ್ದು ಅದಕ್ಕೇ. ಅವರ ಚಿಕ್ಕಪ್ಪ ಕಾಟಯ್ಯ, ಹಟ್ಟಿಯ ದೇವರ ಪೂಜೆ ಮಾಡುವವರು, ಇದಕ್ಕೂ ಒಂದು ಮಾತು ಇಟ್ಟುಕೊಂಡಿದ್ದರು: "ಆ ಗುಡ್ಲಲ್ಲಿ ಕುಂತು ಓದಿದ್ಕೇ ಅಲ್ವೇನವ್ವಾ ನೀನು ಬುಕ್ ಬರ್ಯಂಗಾಗಿದ್ದು?"

ಭಾನುವಾರ ಮೊದಲ ಬಸ್ಸಿಗೇ ವನಿತಾ ಹಟ್ಟಿಗೆ ಹೋದರು. ಹೊಸ ಚಪ್ಪರದಲ್ಲಿ ಅವರ ತಾಯಿ ಭೀಮಕ್ಕ ಕಾಲು ಚಾಚಿ ಕೂತು ಎಲೆಯಡಿಕೆ ಹಾಕುತ್ತಿದ್ದರು. ಈರೇಶ್ ಬಿಟ್ಟುಹೋಗಿದ್ದ ಚಿತ್ರದ ಹಾಳೆಯನ್ನು ಕಾಟಯ್ಯ ಕಣ್ಣಿನಿಂದ ದೂರಕ್ಕೆ ಹಿಡಿದು ನೋಡುತ್ತಿದ್ದರು.

"ಬಾರವ್ವ ಬಾ," ಎಂದರು ಭೀಮಕ್ಕ. "ನಿನ್ ತಮ್ಮ ಎಷ್ಟ್ ಚೆಂದಾಗ್ ಕಟ್ಟವ್ನೆ ನೋಡು. ಬಿಂದುಶ್ರೀ ಬಾಣಂತನಕ್ಕೆ ಸರಿ ಹೋಯ್ತು."

ಬಿಂದುಶ್ರೀ ನಾಗಭೂಷಣನ ಹೆಂಡತಿ. ಎರಡನೆಯ ಬಸಿರು, ದಿನ ತುಂಬುತ್ತಾ ಬಂದಿತ್ತು. ಮೊದಲ ಬಾಣಂತನ ತವರಿನ ಹಟ್ಟಿಯಲ್ಲಿ ಆಗಿತ್ತು. ಅಲ್ಲೂ ಇಂಥದೇ ಗುಡ್ಲು. ಆ ಕೂಸು ಅಲ್ಲಿ ಮೈಯೆಲ್ಲ ಬೊಬ್ಬೆಯೆದ್ದು ನರಳಿದ್ದನ್ನು ನೋಡಿ ಬಂದಿದ್ದ ವನಿತಾ, ಈ ಸಲ ಹಾಗಾಗಲು ಬಿಡುವುದಿಲ್ಲ ಎಂದು ಬಿಂದುಶ್ರೀಗೆ ಮಾತು ಕೊಟ್ಟಿದ್ದರು.

"ಅವ್ವಾ, ಇದು ಪುಸ್ತಕಕ್ಕೆ ಕಟ್ಟಿಸಿರೋದು!"

"ಪುಸ್ತಕಕ್ಕೆ ಪೋಟ ತಗಂಡ್ ಮೇಲೆ ಸುಮ್ಕೆ ಬಿದ್ದಿರ್ತದಲ್ಲವ್ವ. ನೀನೇನ್ ಹೊತ್ಕಂಡ್ ಹೋದೀಯಾ?"

ಕಾಟಯ್ಯ ಹಾಳೆಯನ್ನು ತೋರಿಸಿದರು. ಮುಖದಲ್ಲಿ ಗೆದ್ದವರ ನಗು. "ಯಹೂದ್ಯೋರೂ ನಮ್ಮಂಗೇ ಅಂತಾಯ್ತು ಕಣವ್ವ. ನೋಡು, ಊರಾಚೆ ಗುಡ್ಲು. ಒಳಗೆ ಬಾಣಂತಿ, ಹಸುಗೂಸು. ಅಷ್ಟ್ ಓದಿರೋ ಜನ, ಫಾರಿನ್ನೋರು, ಅವ್ರೇ ಪಾಲಿಸ್ತಾವ್ರೆ. ನಮ್ ವನಿತಾನೇ ಬುಕ್ಕಲ್ಲಿ ಹಾಕವ್ಳೆ ಅಂತ ಹಟ್ಟಿಯೋರ್ಗೆಲ್ಲ ತೋರಿಸ್ದೆ."

ವನಿತಾ ಹಾಳೆಯ ಮೇಲೆ ಬೆರಳಿಟ್ಟರು. "ಚಿಕ್ಕಪ್ಪ, ಅದು ಬಾಣಂತಿ ಅಲ್ಲ. ಹಬ್ಬದ ಊಟಕ್ಕೆ ಕೂತಿರೋದು. ಪಕ್ಕದಲ್ಲಿ ಗಂಡ ಇದಾನೆ, ಅಜ್ಜ ಇದಾರೆ, ಕಾಣಲ್ವಾ?"

"ಅವ್ರು ನೋಡಕ್ಕೆ ಬಂದೋರು ಬುಡು."

ಬೇರೆ ಯಾವ ಊರಿನಲ್ಲೂ ಯಾರೂ ಆ ಚಿತ್ರವನ್ನು ಹಾಗೆ ನೋಡುತ್ತಿರಲಿಲ್ಲ. ಗುಡಿಸಿಲಿನಲ್ಲಿ ಕೂಸು ಎತ್ತಿಕೊಂಡ ಹೆಂಗಸನ್ನು ಕಂಡರೆ ಆ ಹಟ್ಟಿಯ ಕಣ್ಣಿಗೆ ಮೊದಲು ಹೊಳೆಯುವುದು ಮೈಲಿಗೆ. ಹತ್ತಾರು ಊರುಗಳ ಮಕ್ಕಳು ಖುಷಿಯಿಂದ ಓದಲೆಂದು ಬರೆದದ್ದು, ತನ್ನ ಹಟ್ಟಿಯ ಮಟ್ಟಿಗೆ, ತನ್ನ ಹೆಸರಿನ ಸಮೇತ, ಬಾಣಂತಿಯನ್ನು ಆಚೆ ಹಾಕುವುದಕ್ಕೆ ಸಾಕ್ಷಿಯಾಗಿತ್ತು.

ಈಗಲೇ ಕಿತ್ತುಹಾಕಿ ಎಂದರು ವನಿತಾ. ಈರೇಶ್ ಫೋನಿನಲ್ಲಿ ಗೋಗರೆದರು. ಮೋಡ ಕವಿದು ನಾಲ್ಕು ದಿನದಿಂದ ಬಿಸಿಲೇ ಬಿದ್ದಿಲ್ಲ, ಬಿಸಿಲಲ್ಲಿ ಒಂದೇ ಒಂದು ಸಲ ನೋಡಿಬಿಡುತ್ತೇನೆ, ಮುಂದಿನ ಭಾನುವಾರದವರೆಗೆ ಬಿಡಿ ಮೇಡಂ ಎಂದರು. ಪ್ರಕಾಶಕರಿಂದಲೂ ಚಿತ್ರ ಎಲ್ಲಿ, ಚಿತ್ರ ಎಲ್ಲಿ ಎಂಬ ಒತ್ತಾಯ. ಹೆರಿಗೆಗೆ ಇನ್ನೂ ಎರಡು ವಾರವಿದೆ ಎಂದು ಲೆಕ್ಕ ಹಾಕಿ ವನಿತಾ ಹೂಂ ಎಂದರು. ಹೊರಡುವಾಗ ಕಾಟಯ್ಯ ಒಂದು ಟಾರ್ಪಾಲು ತಂದು ಹೊದಿಸಲು ನೋಡಿದರು. "ಒಂದು ಗರಿ ಮುಟ್ಟಬೇಡಿ ಚಿಕ್ಕಪ್ಪ, ಆಕಾಶ ಕಾಣಬೇಕು," ಎಂದು ಅದನ್ನು ಕಿತ್ತು ಬಯಲಿನ ಆಚೆಗೆ ಎಸೆದು ಹೋದರು.

ಹೆರಿಗೆ ಲೆಕ್ಕಕ್ಕೆ ಸಿಗುವುದೇ? ಮಂಗಳವಾರ ಬಿಂದುಶ್ರೀಗೆ ಹೊಟ್ಟೆನೋವು ಬಂದು ಚಿಕ್ಕನಾಯಕನಹಳ್ಳಿಯ ಆಸ್ಪತ್ರೆಗೆ ಕರೆದೊಯ್ದರು. ಗಂಡು ಕೂಸು. ತೂಕ ಸ್ವಲ್ಪ ಕಮ್ಮಿ, ಬೆಚ್ಚಗಿಡಿ ಎಂದು ನರ್ಸು ಹೇಳಿ ಕಳಿಸಿದರು. ಶುಕ್ರವಾರ ಆಟೋ ಹಟ್ಟಿಯೊಳಗೆ ಬರಲಿಲ್ಲ. ನೇರವಾಗಿ ಬಯಲಿಗೆ ಹೋಗಿ ಚಪ್ಪರದ ಮುಂದೆ ನಿಂತಿತು.

ವನಿತಾಗೆ ಫೋನು ಮಾಡಿದ್ದು ಬಿಂದುಶ್ರೀಯೇ. ಅರ್ಧ ದಿನ ರಜೆ ಹಾಕಿ ವನಿತಾ ಸಿಕ್ಕ ಟೆಂಪೋ ಹತ್ತಿ ಬಂದಾಗ ಮಧ್ಯಾಹ್ನ. ಮೋಡ ಹಾಗೇ ಇತ್ತು. ಚಾಪೆಯ ಮೇಲೆ ಕಂಬಳಿ ಹಾಸಿ ಬಿಂದುಶ್ರೀ ಮಲಗಿದ್ದಳು, ತಲೆಗೆ ಬಟ್ಟೆ ಸುತ್ತಿಕೊಂಡು. ಪಕ್ಕದಲ್ಲಿ ಕೂಸು. ಬಾಣಂತಿಯನ್ನು ನೋಡಿಕೊಳ್ಳಲು ಭೀಮಕ್ಕ ತಾವೂ ಗಂಟು ಕಟ್ಟಿಕೊಂಡು ಬಂದಿದ್ದರು. ನಾಗಭೂಷಣ ದೂರದಲ್ಲಿ, ಅಪರಾಧಿಯಂತೆ, ಅಡಕೆ ಸೀಳನ್ನು ಕತ್ತಿಯಿಂದ ಸುಮ್ಮನೆ ಕೆತ್ತುತ್ತಾ ನಿಂತಿದ್ದ.

"ಏನೋ ಇದು?" ಎಂದರು ವನಿತಾ.

"ನಾನೇನ್ ಮಾಡ್ಲಿ ಅಕ್ಕ. ಚಿಕ್ಕಪ್ಪ ಹೇಳ್ತು."

"ನಿನ್ ಹೆಂಡ್ತಿ, ನಿನ್ ಮಗ. ಚಿಕ್ಕಪ್ಪ ಹೇಳ್ತಂತೆ. ಆಟೋ ತರ್ಸು. ಹುಳಿಯಾರಿಗೆ ನಮ್ಮನೇಗೆ ಕರ್ಕೊಂಡ್ ಹೋಗ್ತೀನಿ."

ಅದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಕಾಟಯ್ಯ ಹಟ್ಟಿಯ ಬಾಯಲ್ಲೇ ನಿಂತು, "ಕರ್ಕಂಡೋಗವ್ವ, ನಂದೇನೈತೆ? ಹಟ್ಟಿ ಒಳಕ್ ಬರ್ದಿದ್ರೆ ಸರಿ," ಎಂದು ಕೂಗಿದರು. ಅಡ್ಡಿ ಬಂದದ್ದು ಚಾಪೆಯ ಮೇಲಿನಿಂದ.

"ನಾನ್ ಬರಲ್ಲಕ್ಕ," ಎಂದಳು ಬಿಂದುಶ್ರೀ.

"ಯಾಕೇ?"

"ನಿಮ್ಮನೆನೂ ಗುಡ್ಲೇ ಅಲ್ವಾ? ಗೋಡೆ ಒಸಿ ಗಟ್ಟಿ ಅಷ್ಟೇ. ನಾನು ಅಲ್ಲಿಗ್ ಬಂದ್ರೆ ಇವ್ರಿಗೆಲ್ಲ ನೆಮ್ದಿ. ಮುಂದಿನ್ ಸಲ ಇನ್ನೊಬ್ಬ ಬಾಣಂತೀನ ಕೇಳ್ತಾರೆ, ನಿನಗ್ಯಾರವ್ವ ಹುಳಿಯಾರಲ್ಲವ್ರೆ ಅಂತ. ನಾನು ಹೋದ್ರೆ ನಮ್ಮನೇಗೆ ಹೋಗ್ಬೇಕು. ಇಲ್ಲಾಂದ್ರೆ ಇಲ್ಲೇ ಇರ್ತೀನಿ, ಏನಾಯ್ತದೋ ಆಗ್ಲಿ."

ಆ ಮಾತು ವನಿತಾಗೆ ಎಲ್ಲಿ ತಗುಲಬೇಕೋ ಅಲ್ಲಿ ತಗುಲಿತು. ತಾನು ವರ್ಷಗಳಿಂದ ಮಾಡಿದ್ದೂ ಅದೇ ಅಲ್ಲವೇ, ಹಟ್ಟಿಗೆ ತೊಂದರೆಯಾಗದಂತೆ ದೂರ ಇದ್ದುದು? ಒಂದು ಬಿಸಿಲಿನ ಆಸೆಗೆ ಚಪ್ಪರವನ್ನು ನಿಲ್ಲಲು ಬಿಟ್ಟದ್ದೂ ತಾನೇ. ಅವರು ಚಪ್ಪಲಿ ಬಿಟ್ಟು ಒಳಗೆ ಹೋಗಿ ನೆಲದ ಮೇಲೆ ಕೂತರು.

"ಮುಟ್ಬೇಡ, ಆಮೇಲೆ ನಿಂಗೂ ಮೈಲ್ಗೆ," ಎಂದರು ಭೀಮಕ್ಕ. ವನಿತಾ ಕೂಸನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡರು. ಕೂಸಿನ ಕಾಲು ತಣ್ಣಗಿತ್ತು.

ಆ ಹೊತ್ತಿಗೇ ಸಿಪೋರಾಬಾಯಿಯ ಫೋನು ಬಂತು, ಚಿತ್ರ ಏನಾಯಿತು ಎಂದು ಕೇಳಲು. ವನಿತಾ ಸಿಟ್ಟಿನಲ್ಲಿ ಎಲ್ಲವನ್ನೂ ಹೇಳಿ, "ತಗೊಳ್ಳಿ ಟೀಚರ್, ನೀವೇ ಹೇಳಿ ನಮ್ಮವ್ವಂಗೆ," ಎಂದು ಸ್ಪೀಕರ್ ಹಾಕಿ ಫೋನನ್ನು ಭೀಮಕ್ಕನ ಮುಂದೆ ಹಿಡಿದರು. ಎರಡು ಸೀಮೆಯ ಇಬ್ಬರು ಮುದುಕಿಯರು ಹೀಗೆ ಮಾತಿಗೆ ಬಿದ್ದರು.

"ಏನವಾ, ಹಸಿ ಬಾಣಂತೀನ ಹಂದರದಾಗ ಮಲಗಿಸೀರಂತ?"

"ನಿಮ್ ಹಬ್ಬದ್ ಚಪ್ಪರವೇ ಕಣವ್ವ ಇದು. ನೀವೇ ಏಳ್ ದಿನ ಕುಂತ್ಕತೀರಂತಲ್ಲ."

"ಕೂಡತೀವಿ. ಆದ್ರ ಎಲ್ಲಾರೂ ಕೂಡತೀವಿ. ನಿಮ್ಮ ಮೈದುನಾ ಎಲ್ಲಿ ಕೂತಾನ?"

ಭೀಮಕ್ಕ ಹಟ್ಟಿಯ ಬಾಯಲ್ಲಿ ನಿಂತಿದ್ದ ಕಾಟಯ್ಯನ ಕಡೆ ನೋಡಿದರು.

"ಇನ್ನ ಕೇಳ್ರಿ," ಎಂದಿತು ಫೋನು. "ಜಡ್ಡಾದವ್ರು ಹಂದರದಾಗ ಕೂಡಬೇಕಂತ ಇಲ್ಲ. ಅವ್ರನ್ನ ನೋಡಿಕೊಳ್ಳೋವ್ರೂ ಕೂಡಬೇಕಂತ ಇಲ್ಲ. ಮಳಿ ಬಂತೋ, ಗಂಗಾಳ ಎತ್ತಿಕೊಂಡು ಎಲ್ಲಾರೂ ಮನ್ಯಾಗ ಹೋಗಬೇಕು. ಮಳ್ಯಾಗ ಕೂತು ನಾ ದೇವರಿಗೆ ನಡ್ಕೋತೀನಿ ಅಂದವ್ನಿಗೆ ನಮ್ಮಲ್ಲಿ ದಡ್ಡ ಅಂತಾರ."

"ಕೇಳಿಸ್ಕೊಂಡ್ಯಾ ಅವ್ವಾ? ಅವ್ರಲ್ಲಿ ಹೆಂಗಸರನ್ನ ಹಿಂಗೆ..." ಎಂದು ವನಿತಾ ಶುರುಮಾಡಿದ್ದರು.

"ಏ ತಂಗಿ, ತಡಿ," ಎಂದು ಸಿಪೋರಾಬಾಯಿ ಅವರನ್ನೂ ತಡೆದರು. "ನಮ್ಮ ಮಂದಿ ಭಾಳ ಶಾಣ್ಯಾರಂತ ಬರೀಬ್ಯಾಡ. ನಮ್ಮಲ್ಲೂ ಆ ದಿನದಾಗ ಹಾಸಿಗಿ ಬ್ಯಾರೆ, ಮುಟ್ಟೋಹಂಗಿಲ್ಲ ಅನ್ನೋದಿತ್ತು. ನಮ್ಮವ್ವ ಅಡಗಿ ಮನಿ ಬಾಗಲದಾಗ ನಿಂತು ಅತ್ತಿದ್ದ ನಾ ನೋಡೀನಿ. ನಮ್ಮನ್ನ ತೋರಿಸಿ ಅವ್ರನ್ನ ಹೀನಾಯ ಮಾಡಬ್ಯಾಡ. ಆ ಕೂಸಿಗೆ ಥಂಡಿ ಆಗ್ತದ. ಅಷ್ಟ ನೋಡು."

ಫೋನು ಇಟ್ಟ ಮೇಲೆ ಭೀಮಕ್ಕ ಕುಟ್ಟಾಣಿ ತೆಗೆದು ಎಲೆಯಡಿಕೆ ಕುಟ್ಟಿದರು, ಬಾಯಿಗೆ ಹಾಕಿಕೊಳ್ಳಲಿಲ್ಲ. ಅವರೂ ಎರಡು ಹೆತ್ತವರು, ಎರಡು ಸಲವೂ ಇದೇ ಬಯಲಿನಲ್ಲಿ ಕೂತವರು. ಆಮೇಲೆ ಎದ್ದು ಸೊಸೆಯ ಕಾಲ ಮೇಲೆ ಇನ್ನೊಂದು ಸೀರೆ ಹೊದಿಸಿದರು.

ವಾರವಿಡೀ ತಡೆದುಕೊಂಡಿದ್ದ ಮೋಡ ಸಂಜೆಗೆ ಮುಂಚೆ ಒಡೆಯಿತು. ಮೊದಲು ಗಾಳಿ, ಹಿಂದೆಯೇ ದಪ್ಪ ಹನಿ. ನಾಗಭೂಷಣ ಎಂದೂ ಸೋರದ ಚಪ್ಪರ ಕಟ್ಟುವವನಾದರೂ, ಇದನ್ನು ನಕ್ಷತ್ರ ಕಾಣುವಂತೆ ಕಟ್ಟಿದ್ದ. ನಕ್ಷತ್ರ ಕಾಣುವ ಸಂದಿಯಲ್ಲೆಲ್ಲ ನೀರು ಇಳಿಯಿತು. ಕಂಬಳಿ ಒದ್ದೆ, ಚಾಪೆ ಒದ್ದೆ, ಭೀಮಕ್ಕನ ತಲೆ ಒದ್ದೆ. ಬಿಂದುಶ್ರೀ ಮಂಡಿ ಮಡಚಿ, ಬೆನ್ನು ಬಗ್ಗಿಸಿ, ಕೂಸಿನ ಮೇಲೆ ತಾನೇ ಸೂರಾಗಿ ಕೂತಳು. ವನಿತಾ ತನ್ನ ಬ್ಯಾಗನ್ನೂ ತಟ್ಟಿಗೆ ಸಿಕ್ಕಿಸಿದ್ದ ಈರೇಶರ ಚಿತ್ರದ ಹಾಳೆಯನ್ನೂ ಅವಳ ತಲೆಯ ಮೇಲೆ ಹಿಡಿದರು. ಹಾಳೆಯ ಬಣ್ಣ ಕರಗಿ ಅವರ ಕೈಮೇಲೆ ಹರಿಯಿತು.

"ಶೀಟಿನ ಗುಡ್ಲಿಗೆ ಹೋಗ್ರವ್ವಾ!" ಎಂದು ಕಾಟಯ್ಯ ಛತ್ರಿಯ ಕೆಳಗಿನಿಂದ ಕೂಗಿದರು.

ಭೀಮಕ್ಕ ಆ ಗುಡ್ಲಿನ ಕಡೆ ನೋಡಿದರು. ಅದರ ಬಾಯಲ್ಲಿ ಆಗಲೇ ಕೆಸರು ನೀರು ನಿಂತಿತ್ತು. ಅವರಿಗೆ ರೇಗಿಹೋಯಿತು. ಯಾರ ಮೇಲೆಂದು ಅವರಿಗೇ ಗೊತ್ತಿರಲಿಲ್ಲವೇನೋ. ಮಗಳ ಮೇಲೆ, ಮಗನ ಮೇಲೆ, ಆ ಫೋನಿನ ಮುದುಕಿಯ ಮೇಲೆ, ತಮ್ಮ ಸೊಂಟದ ಮೇಲೆ.

"ಥೂ ನಿಮ್ ಮನೆ ಕಾಯೋಗ! ಅದೇನ್ ಜರಡಿ ಕಟ್ಟವ್ನೋ ಇವ್ನು, ಅದೇನ್ ಹಬ್ಬ ಮಾಡ್ತಾರೋ ಅವ್ರು! ಕೊಡೇ ಇಲ್ಲಿ," ಎಂದು ಸೊಸೆಯ ಕೆಳಗಿನಿಂದ ಕೂಸನ್ನು ಎಳೆದುಕೊಂಡು, ಸೆರಗಿನಲ್ಲಿ ಸುತ್ತಿ, ಹಟ್ಟಿಯ ಕಡೆಗೆ ನಡೆದೇಬಿಟ್ಟರು. ಬಿಂದುಶ್ರೀ ಹೊಟ್ಟೆ ಹಿಡಿದುಕೊಂಡು ಹಿಂದೆ, ಅವಳ ತೋಳು ಹಿಡಿದುಕೊಂಡು ವನಿತಾ.

"ಅತ್ಗೇ! ಎಲ್ಲಿಗ್ ಬತ್ತಾ ಇದೀಯ? ದೇವ್ರೈತೆ!" ಕಾಟಯ್ಯ ದಾರಿಗೆ ಅಡ್ಡ ನಿಂತರು.

"ಐತೆ, ಬೆಚ್ಚಗೈತೆ. ಕಲ್ಲಿನ್ ಮನೆಯೊಳ್ಗೆ ಐತೆ. ಸರ್ಕಳ್ಲಾ."

"ಮೈಲ್ಗೆ ಕಣತ್ಗೆ..."

"ಹಂಗಾದ್ರೆ ನೀನ್ ಹೋಗಿ ಇವತ್ತೊಂದಿನ ಅಲ್ಲಿ ಮಲ್ಗು. ಬೆಳಿಗ್ಗೆ ಎದ್ದು ಬಾ, ಮಾತಾಡಾನ."

ಅತ್ತಿಗೆಗೆ ಎದುರಾಡಿ ಅಭ್ಯಾಸವಿಲ್ಲದ ಕಾಟಯ್ಯ ಛತ್ರಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದರು. ಅಷ್ಟರಲ್ಲಿ ಮೂವರು ಹೆಂಗಸರೂ ಅವರನ್ನು ದಾಟಿ ಹೋಗಿಯಾಗಿತ್ತು. ನಾಗಭೂಷಣ ಓಡಿ ಹೋಗಿ ಮನೆಯ ಬಾಗಿಲು ತೆಗೆದ. ಅಷ್ಟು ಹೊತ್ತಿನಲ್ಲಿ ಅವನು ಮಾಡಿದ ಒಂದೇ ಒಂದು ಕೆಲಸ ಅದು.

ಮುಂದಾದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇದನ್ನು ಓದಿ ಚಪ್ಪಾಳೆ ತಟ್ಟುವವರು ಇರುತ್ತಾರೆ. ಬಿಂದುಶ್ರೀ ಮತ್ತೆ ಬಯಲಿಗೆ ಹೋಗಲಿಲ್ಲ, ಕೂಸು ನಡುಮನೆಯಲ್ಲಿ ಬೆಚ್ಚಗೆ ಬೆಳೆಯುತ್ತಿದೆ, ನಿಜ. ಆದರೆ ಅದು ಒಂದು ಮನೆ. ಮರುವಾರವೇ ಪಕ್ಕದ ಮನೆಯ ಹುಡುಗಿ ಶಾಲೆಯ ಬ್ಯಾಗು ಹಿಡಿದುಕೊಂಡು ಶೀಟಿನ ಗುಡ್ಲಿಗೆ ಹೋದಳು. ವನಿತಾ ಹೋಗಿ ಅವಳಪ್ಪನೊಡನೆ ಜಗಳವಾಡಿ, ಸೋತು, ಮತ್ತೆ ಮುಂದಿನ ತಿಂಗಳೂ ಹೋಗುತ್ತೇನೆ ಎಂದು ಬಂದಿದ್ದಾರೆ. ಈಗ ವಾರಕ್ಕೆರಡು ಸಲ ಹಟ್ಟಿಯಲ್ಲೇ ಉಳಿಯುತ್ತಾರೆ, ಮುಟ್ಟಾದ ದಿನವೂ, ಮನೆಯೊಳಗೆ, ಬೇಕೆಂದೇ ಎಲ್ಲರಿಗೂ ಹೇಳಿ. ಮೂರನೆಯ ಪುಸ್ತಕಕ್ಕೆ ಅವರು ಹೊಸದೊಂದು ಪುಟ ಸೇರಿಸಿದರು: ಮಳೆ ಬಂದು ಎಲ್ಲರೂ ತಟ್ಟೆ ಎತ್ತಿಕೊಂಡು ಒಳಗೆ ಓಡುತ್ತಾರೆ, ಎಲ್ಲರಿಗಿಂತ ಮುಂದೆ ಕೂಸು ಎತ್ತಿಕೊಂಡ ಅಮ್ಮ. ಹಬ್ಬದ ಪುಸ್ತಕದಲ್ಲಿ ಮಳೆ ಯಾಕೆ, ಮಕ್ಕಳಿಗೆ ಬೇಜಾರಾಗುತ್ತದೆ ಎಂದು ಪ್ರಕಾಶಕರ ಕಡೆಯವರು ಹೇಳಿದ್ದಾರಂತೆ. ಆ ಜಗಳ ಇನ್ನೂ ನಡೆಯುತ್ತಿದೆ. ಈರೇಶ್‌ಗೆ ಬಿಸಿಲು ಕೊನೆಗೂ ಸಿಗಲಿಲ್ಲ.

ಆ ಸಂಜೆ ಮಾತ್ರ ಹೀಗಾಯಿತು. ನಡುಮನೆಯಲ್ಲಿ ಬಿಂದುಶ್ರೀಗೆ ಒಣಬಟ್ಟೆ ಉಡಿಸಿ, ಕೆಂಡ ತುಂಬಿದ ಬಾಂಡ್ಲಿಯನ್ನು ಮಂಚದ ಹತ್ತಿರ ಇಟ್ಟು, ಭೀಮಕ್ಕ ಒಲೆಯ ಮೇಲೆ ಟೀಗೆ ಇಟ್ಟರು. ಕಾಟಯ್ಯ ಒಳಗೆ ಬರಲೊಲ್ಲದೆ, ಮಳೆಯಲ್ಲಿ ತಮ್ಮ ಮನೆಗೆ ಹೋಗಲೂ ಆಗದೆ, ಜಗಲಿಯ ಮೇಲೆ ಮುಖ ಗೋಡೆಯ ಕಡೆ ಮಾಡಿಕೊಂಡು ಕೂತಿದ್ದರು. ಮಳೆ ನಿಂತ ತಕ್ಷಣ ಬಾಣಂತಿಯನ್ನು ವಾಪಸು ಕಳಿಸಬೇಕೆಂದು ಗೋಡೆಗೆ ಹೇಳುತ್ತಿದ್ದರು. ವನಿತಾ ಟೀ ಲೋಟವನ್ನು ತಂದು ಅವರ ಪಕ್ಕದಲ್ಲಿಟ್ಟರು. ಬಾಣಂತಿ ಮಲಗಿದ ಮನೆಯ ಒಲೆಯಲ್ಲಿ ಕಾದ, ಕೂಸು ಎತ್ತಿಕೊಂಡ ಕೈಯಿಂದ ಸೋಸಿದ ಟೀ.

ಕಾಟಯ್ಯ ಅದನ್ನು ನೋಡಿದರು. ಮಳೆಯನ್ನು ನೋಡಿದರು. ಸುತ್ತಲ ಮನೆಗಳ ಬಾಗಿಲುಗಳನ್ನು ನೋಡಿದರು. ಎಲ್ಲ ಮುಚ್ಚಿದ್ದವು.

"ಸಕ್ರೆ ಹಾಕಿದ್ದೀಯೇನವ್ವಾ?" ಎಂದರು.

"ಹಾಕಿದೀನಿ ಚಿಕ್ಕಪ್ಪ."

ಅವರು ಲೋಟವನ್ನು ಪಂಚೆಯ ತುದಿಯಿಂದ ಹಿಡಿದು ಎತ್ತಿಕೊಂಡರು, ಬಿಸಿಯಿದೆಯೆಂದೋ ಮೈಲಿಗೆಯೆಂದೋ. ಒಂದು ಗುಟುಕು ಕುಡಿದರು. ಒಳಗೆ ಕೂಸು ಅತ್ತಿತು. ಇನ್ನೊಂದು ಗುಟುಕು ಕುಡಿದು, ಮತ್ತೆ ಗೋಡೆಗೇ ಮುಖ ಮಾಡಿ, "ಅದ್ಕೆ ಹಸಿವಾಗೈತೆ, ಹಾಲ್ ಕುಡ್ಸಕ್ ಹೇಳು," ಎಂದು ರೇಗಿದರು.